ಕರಿತುಂಬೆ: ಕಪ್ಪಲ್ಲದ ಹೂವಿಗೆ ‘ಕರಿ’ ಯಾಕೆ?

ಗೆಳೆಯರೇ,

ಹೋದ ಕಾರ್ತಿಕದಲ್ಲಿ ದೇವರಾಯನದುರ್ಗದ ಕಾಡಂಚಿನಲ್ಲಿ ಒಂದು ಗಿಡ ಕಂಡಿತು. ಎದೆಯುದ್ದ ಬೆಳೆದಿತ್ತು. ಕಾಂಡ ಹಿಡಿದರೆ ಚೌಕ. ಎಲೆ ಉಜ್ಜಿದರೆ ಘಾಟು ವಾಸನೆ. ಹೂವಿಗೆ ಎರಡು ತುಟಿ. ಮೇಲಿನದು ಚಿಕ್ಕದು, ಕೆಳಗಿನದು ತಿಳಿ ನೇರಳೆ. ಇವೆಲ್ಲ ತುಳಸಿ, ಪುದೀನಾ ಬಳಗದ ಗುರುತು. ಸೌದೆ ಹೊತ್ತು ಬರುತ್ತಿದ್ದ ಅಜ್ಜಿಯನ್ನು ಕೇಳಿದೆ. “ಕರಿತುಂಬೆ ಕಣಪ್ಪ, ಪೂಜೆಗೆ ಬರಕಿಲ್ಲ” ಅಂದರು.

ಅವತ್ತಿನಿಂದ ಈ ‘ಕರಿ’ ತಲೆಯಲ್ಲೇ ಕೂತಿದೆ.

ಬರೀ ತುಂಬೆ ನಮಗೆಲ್ಲ ಗೊತ್ತು. ಹೊಲದ ಬದುವಿನಲ್ಲಿ ಮೊಣಕಾಲು ಮುಟ್ಟದಷ್ಟು ಎತ್ತರ, ಗೆಣ್ಣಿಗೊಂದು ಉಂಡೆ, ಉಂಡೆಯ ತುಂಬ ಬಿಳಿ ಹೂ. ಕಿತ್ತು ಬುಡ ಚೀಪಿದರೆ ಒಂದು ಹನಿ ಸಿಹಿ. ಶಿವನಿಗೆ ಬಲು ಇಷ್ಟವಂತೆ. ಸಸ್ಯಶಾಸ್ತ್ರದಲ್ಲಿ ಇದು ಲ್ಯೂಕಸ್, ಕರಿತುಂಬೆ ಅನಿಸೊಮೆಲಿಸ್. ಎರಡು ಕುಲಗಳಿಗೂ, ಅಂದರೆ ಹತ್ತಿರದ ಗಿಡಗಳ ಗುಂಪುಗಳಿಗೂ, ಹೆಸರಿಟ್ಟವನು ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್, ಎರಡೂ 1810ರಲ್ಲೇ. ಲ್ಯೂಕಸ್ ಅನ್ನೋದು ಗ್ರೀಕಿನ ‘ಬಿಳಿ’ಯಿಂದ ಬಂದ ಹೆಸರು. ನಮ್ಮ ಕಡೆ ಮಾತ್ರ ಯಾರೂ ‘ಬಿಳಿತುಂಬೆ’ ಅನ್ನುವುದಿಲ್ಲ. ತುಂಬೆ ಅಂದಮೇಲೆ ಬಿಳಿಯೇ, ಅಲ್ವಾ?

ಹಾಗಾದರೆ ‘ಕರಿ’ ಬಣ್ಣವೋ, ಅಥವಾ ‘ಇದು ಅಸಲಿ ತುಂಬೆಯಲ್ಲ’ ಅನ್ನುವ ಗುರುತೋ? ಗಿಡದ ಹೆಸರಿನ ಮುಂದೆ ಕಾಡು, ನಾಯಿ, ಕತ್ತೆ ಅಂತ ಸೇರಿಸಿ ಬೇರೆ ಮಾಡುವುದು ನಮ್ಮ ಜನರ ಹಳೇ ರೂಢಿ. ಕಾಡುಹರಳು, ನಾಯಿಸಾಸಿವೆ ಹಾಗೇ ಆದವು. ಕತ್ತೆತುಂಬೆ ಅಂತಲೇ ಒಂದಿದೆ, ಅದು ಈ ಬಳಗದ್ದೇ ಅಲ್ಲ. ಅದರ ಹೂ ನೆಲ ನೋಡುತ್ತದೆ. ಸಂಸ್ಕೃತದವರು ಅದನ್ನು ನೋಡಿ ಅಧಃಪುಷ್ಪಿ ಅಂದರು, ತಮಿಳರು ಕವಿಳ್‌ತುಂಬೈ ಅಂದರು. ನಾವು ಸುಮ್ನೆ ಕತ್ತೆ ಅಂದುಬಿಟ್ಟೆವು! ಪಾಪದ ಗಿಡ.

ಆದರೂ ‘ಕರಿ’ಯನ್ನು ಈ ಸಾಲಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಕರಿತುಳಸಿ ಪೂಜೆಗೆ ಬರುತ್ತದಲ್ಲ? ಮೇಲಾಗಿ ಕರಿದ್ರಾಕ್ಷಿ ನೋಡಿ. ಹಣ್ಣಿನ ಬಣ್ಣ ನೇರಳೆ, ಹೆಸರು ಮಾತ್ರ ಕರಿ. ಕನ್ನಡದ ಕರಿ ಕಾಡಿಗೆಯ ಕಪ್ಪಿಗಷ್ಟೇ ನಿಲ್ಲುವುದಿಲ್ಲ, ಬಿಳಿಯ ಎದುರು ಗಾಢವಾಗಿದ್ದರೆ ಸಾಕು. ತುಂಬೆಯ ಪಕ್ಕ ಇಟ್ಟರೆ ಈ ನೇರಳೆಯೂ ಕರಿಯೇ. ಮಲಯಾಳದಲ್ಲೂ ತುಂಬ, ಕರಿಂತುಂಬ ಅಂತಲೇ ಜೋಡಿ. ತಮಿಳಿನಲ್ಲಿ ಮಾತ್ರ ಇದಕ್ಕೆ ಪೇಯ್‌ಮಿರಟ್ಟಿ ಅನ್ನುತ್ತಾರೆ, ದೆವ್ವ ಹೆದರಿಸುವ ಗಿಡ ಅಂತ. ಆ ಘಾಟು ಮೂಸಿದವರಿಗೆ ಹೆಸರು ಸರಿ ಅನ್ನಿಸುತ್ತದೆ.

ತುಂಬಿ, ಅಂದರೆ ದುಂಬಿ, ಬಂದು ಕೂರುವುದರಿಂದ ತುಂಬೆ ಆಯಿತು ಅಂತ ಕೆಲವರು ಹೇಳುವುದುಂಟು. ನನಗೆ ಒಪ್ಪಿಗೆಯಿಲ್ಲ. ಹೂವಿಗೆ ತುಂಬ ಅನ್ನುವ ಮಲಯಾಳದಲ್ಲೇ ತುಂಬಿ ಅಂದರೆ ಏರೋಪ್ಲೇನ್ ಚಿಟ್ಟೆ. ಅದು ಜೇನಿಗೆ ಬರುವ ಹುಳ ಅಲ್ಲವೇ ಅಲ್ಲ.

ಈಗ ನನ್ನ ಪ್ರಶ್ನೆ. ನಿಮ್ಮ ಕಡೆ ಯಾರಾದರೂ ‘ಬಿಳಿತುಂಬೆ’ ಅನ್ನುತ್ತಾರಾ? ಮಲೆನಾಡಿನವರು, ಕರಾವಳಿಯವರು ದಯವಿಟ್ಟು ಹೇಳಿ. ಹಾಗೇ ಈ ನೇರಳೆ ಹೂವಿನ ಗಿಡಕ್ಕೆ ತುಂಬೆ ಅನ್ನುವ ಮಾತೇ ಇಲ್ಲದ ಬೇರೆ ಹೆಸರಿದ್ದರೆ ಅದನ್ನೂ ಬರೆಯಿರಿ, ಯಾವ ಊರಿನದು ಅಂತ ಮರೆಯದೆ.