ಪದಚರ್ಚೆ: ಮಕ್ಕಳ ‘ಅಸೆಂಟ್’ಗೆ ‘ಸಮ್ಮತಿ’ ಎನ್ನಬಹುದೇ?

ಪ್ರಶ್ನೆ: ಮಕ್ಕಳ ಮೇಲೆ ನಡೆಯುವ ಆರೋಗ್ಯ ಸಂಶೋಧನೆಯ ಪತ್ರಗಳಲ್ಲಿ ಕನ್ಸೆಂಟ್, ಅಸೆಂಟ್ ಎರಡಕ್ಕೂ ‘ಸಮ್ಮತಿ’ ಎಂದೇ ಬರೆಯುವುದುಂಟು. ಇದು ಸರಿಯೇ? ‘ಅನುಮತಿ’ ಬಳಸಿದರೆ ಹೇಗೆ?

ಉತ್ತರ: ಎರಡಕ್ಕೂ ಒಂದೇ ಪದ ಬೇಡ. ಕನ್ಸೆಂಟ್‌ಗೆ ಕಾನೂನಿನ ಬಲವಿದೆ. ಅದನ್ನು 18 ತುಂಬಿದವರೇ ಕೊಡಬೇಕು. ಮಗುವಿನ ಪರವಾಗಿ ಅದಕ್ಕೆ ಸಹಿ ಹಾಕುವವರು ಹೆತ್ತವರು ಅಥವಾ ಪೋಷಕರು. ಅಸೆಂಟ್ ಎಂದರೆ ಭಾಗವಹಿಸಲು ಒಪ್ಪುತ್ತೇನೆ ಎಂದು ಮಗು ತಾನೇ ಹೇಳುವ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ 7ರಿಂದ 12 ವರ್ಷದ ಮಕ್ಕಳಿಂದ ಅದನ್ನು ಹೆತ್ತವರ ಎದುರು ಬಾಯಿಮಾತಿನಲ್ಲಿ ಪಡೆದು ದಾಖಲಿಸಬೇಕು, 12 ದಾಟಿದವರಿಂದ ಬರಹದಲ್ಲಿ ಪಡೆಯಬೇಕು. ಹೆತ್ತವರು ಸಹಿ ಹಾಕಿದರೆಂದು ಇದನ್ನು ಬಿಡುವಂತಿಲ್ಲ.

ಆದ್ದರಿಂದ ಹೆತ್ತವರ ಪತ್ರಕ್ಕೆ ‘ಸಮ್ಮತಿ’, ಮಕ್ಕಳ ಪತ್ರಕ್ಕೆ ‘ಮಗುವಿನ ಒಪ್ಪಿಗೆ’ ಎಂದಿಡುವುದು ಒಳ್ಳೆಯದು. ‘ಅನುಮತಿ’ ಎರಡಕ್ಕೂ ಸಲ್ಲದು. ಅದು ಮೇಲಧಿಕಾರಿಯೋ ಇಲಾಖೆಯೋ ಕೊಡುವಂಥದ್ದು. ಶಾಲೆಯಲ್ಲಿ ಅಧ್ಯಯನ ನಡೆಸಲು ಮುಖ್ಯೋಪಾಧ್ಯಾಯರಿಂದ ಪಡೆಯುವುದು ಅನುಮತಿ, ಸಂಶೋಧನೆ ನೈತಿಕವಾಗಿ ಸರಿಯೇ ಎಂದು ಪರಿಶೀಲಿಸುವ ನೈತಿಕ ಸಮಿತಿಯಿಂದ ಪಡೆಯುವುದು ಅನುಮೋದನೆ. ಇವೆರಡೂ ಕೈಯಲ್ಲಿದ್ದರೂ ಹೆತ್ತವರ ಸಮ್ಮತಿ ಬೇಕೇ ಬೇಕು. ಎಲ್ಲಕ್ಕೂ ‘ಅನುಮತಿ’ ಎಂದುಬಿಟ್ಟರೆ ಶಾಲೆಯವರು ಒಪ್ಪಿದ್ದೇ ಸಾಕು ಎಂಬ ಅರ್ಥ ಬರುತ್ತದೆ.

ಮರುಭಾಷಾಂತರದಲ್ಲಿ ಸಮ್ಮತಿ, ಒಪ್ಪಿಗೆಗಳನ್ನು ಬೆರೆಸುವ ತಪ್ಪು ಹೆಚ್ಚಾಗಿ ಸಿಕ್ಕಿಬೀಳುವುದಿಲ್ಲ. ಮೂಲ ನೋಡದ ಇನ್ನೊಬ್ಬರು ಕನ್ನಡ ಪತ್ರವನ್ನು ಇಂಗ್ಲಿಷಿಗೆ ತಿರುಗಿಸುವಾಗ ಸಮ್ಮತಿ, ಒಪ್ಪಿಗೆ ಎರಡೂ ‘ಕನ್ಸೆಂಟ್’ ಆಗಿಯೇ ಹಿಂತಿರುಗುತ್ತವೆ. ಸಮಿತಿ ಎಲ್ಲ ಸರಿಯಿದೆ ಎಂದುಕೊಳ್ಳುತ್ತದೆ. ಕನ್ನಡ ಬಲ್ಲ ಸದಸ್ಯರು, ಅದರಲ್ಲೂ ಸಮಿತಿಯಲ್ಲಿ ಇರಲೇಬೇಕಾದ ಜನಸಾಮಾನ್ಯ ಪ್ರತಿನಿಧಿ, ಕನ್ನಡ ಪ್ರತಿಯನ್ನೇ ಓದಬೇಕು.

ಇನ್ನೊಂದು ಪದದ ಬಗ್ಗೆಯೂ ಎಚ್ಚರ ಬೇಕು, ಅದು ‘ಚಿಕಿತ್ಸೆ’. ಪರೀಕ್ಷೆಯ ಹಂತದಲ್ಲಿರುವ ಔಷಧವನ್ನು ಚಿಕಿತ್ಸೆ ಎಂದು ಕರೆದರೆ ಮಗುವಿಗೆ ಗುಣವಾಗಲೆಂದೇ ಇದನ್ನು ಕೊಡುತ್ತಿದ್ದಾರೆ ಎಂದು ತಾಯಿ ನಂಬುತ್ತಾಳೆ. ‘ಇನ್ನೂ ಪರೀಕ್ಷೆಯಲ್ಲಿರುವ ಔಷಧ’ ಎಂದೇ ಬರೆಯಿರಿ.

‘ಮಾಹಿತಿಪೂರ್ವಕ ಸಮ್ಮತಿ’ (ಇನ್‌ಫಾರ್ಮ್ಡ್ ಕನ್ಸೆಂಟ್, ಎಲ್ಲ ತಿಳಿದು ಕೊಡುವ ಸಮ್ಮತಿ) ಎಂಬ ಪದ ತಲೆಬರಹದಲ್ಲಿ ಇರಲಿ, ಒಳಗೆ ಬೇಡ. ಓದು ಬಾರದವರಿಗೆ ಪತ್ರವನ್ನು ಓದಿ ಹೇಳುತ್ತಾರೆ. ಅವರು ಹೆಬ್ಬೆಟ್ಟು ಒತ್ತುತ್ತಾರೆ, ಸಂಶೋಧನಾ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಸಹಿ ಹಾಕುತ್ತಾರೆ. ಅಲ್ಲಿ ಮಾತು ಕಿವಿಗೆ ನಿಲ್ಲಬೇಕು: ‘ಇದನ್ನೆಲ್ಲ ನನಗೆ ತಿಳಿಸಿ ಹೇಳಿದ್ದಾರೆ. ನಾನು ಒತ್ತಾಯವಿಲ್ಲದೆ ಸಮ್ಮತಿಸುತ್ತೇನೆ. ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೂ ಆಸ್ಪತ್ರೆಯಲ್ಲಿ ಸಿಗುವ ಆರೈಕೆ ನಿಲ್ಲುವುದಿಲ್ಲ.’

ಮಕ್ಕಳ ಪತ್ರದಲ್ಲಿ ‘ನನಗೆ ಇಷ್ಟ ಇದೆ’ ಎಂಬ ಸಾಲಿನ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ, ‘ನನಗೆ ಬೇಡ’ ಎಂಬ ಸಾಲೂ ಇರಬೇಕು.