'ಸ್ವೋರ್ಡ್ ಸ್ಟೇನ್ಡ್ ವಿತ್ ರಾಯಲ್ ಬ್ಲಡ್' ಓದಿದವರು ಹೇಳಿ: ನಾಯಕ ಕೊನೆಗೆ ಎಲ್ಲ ಬಿಟ್ಟು ಯಾಕೆ ಹೊರಟುಹೋಗುತ್ತಾನೆ?

ಮಲೆನಾಡ ಓದುಗ:
ಎಲ್ಲರಿಗೂ ನಮಸ್ಕಾರ. ಹಾಂಗ್‌ಕಾಂಗ್‌ನ ಚೀನೀ ಲೇಖಕ ಜಿನ್ ಯೋಂಗ್ ಬರೆದ ಈ ಕಾದಂಬರಿಯನ್ನು ಅಭಿಮಾನಿಗಳು ಮಾಡಿದ ಇಂಗ್ಲಿಷ್ ಅನುವಾದದಲ್ಲಿ ಈಗಷ್ಟೇ ಓದಿ ಮುಗಿಸಿದೆ. ಕೊನೆ ಏನಾಗುತ್ತದೆ ಅಂತಲೂ ಇಲ್ಲಿ ಬರೆಯುತ್ತಿದ್ದೇನೆ, ಓದದವರು ಇಲ್ಲಿಗೇ ನಿಲ್ಲಿಸಿಬಿಡಿ.

ನಾಯಕ ಯುವಾನ್ ಚೆಂಗ್‌ಜಿ. ಅವನ ಅಪ್ಪ ಚೀನಾದ ಮಿಂಗ್ ಸಾಮ್ರಾಜ್ಯದ ದೊಡ್ಡ ಸೇನಾಪತಿ, ಆದರೆ ದ್ರೋಹಿ ಅಂತ ಚಕ್ರವರ್ತಿ ಚೊಂಗ್‌ಜೆನ್ ಅವನನ್ನು ಕೊಲ್ಲಿಸಿರುತ್ತಾನೆ. ಹುಡುಗ ಹುವಾ ಬೆಟ್ಟದಲ್ಲಿ ಕತ್ತಿವರಸೆ ಕಲಿತು ಇಳಿದು ಬರುತ್ತಾನೆ. ಅವನು ತೀರಿಸಬೇಕಾದ ಹಗೆ ಎರಡು, ಒಂದು ಚೊಂಗ್‌ಜೆನ್ ಮೇಲೆ, ಇನ್ನೊಂದು ಉತ್ತರದಿಂದ ಚೀನಾದ ಮೇಲೆ ದಾಳಿ ಮಾಡುತ್ತಿದ್ದ ಮಂಚೂ ಜನರ ದೊರೆ ಹೊಂಗ್ ತೈಜಿ ಮೇಲೆ. ಲೀ ಜಿಚೆಂಗ್‌ನ ರೈತದಂಗೆಗೂ ಕೈಜೋಡಿಸುತ್ತಾನೆ. ಇಷ್ಟೆಲ್ಲ ಆದಮೇಲೆ ಏನಾಗುತ್ತದೆ? ಹೊಂಗ್ ತೈಜಿಯನ್ನು ಅವನ ತಮ್ಮನೇ ಕೊಲ್ಲುತ್ತಾನೆ, ಚೊಂಗ್‌ಜೆನ್ ತಾನೇ ನೇಣು ಹಾಕಿಕೊಳ್ಳುತ್ತಾನೆ, ದಂಗೆ ಗೆದ್ದು ಕೆಟ್ಟುಹೋಗುತ್ತದೆ, ನಮ್ಮ ನಾಯಕ ಹಡಗು ಹತ್ತಿ ದೂರದ ದ್ವೀಪಕ್ಕೆ ಹೋಗಿಬಿಡುತ್ತಾನೆ. 20 ಅಧ್ಯಾಯ ಓದಿದ್ದು ಇದಕ್ಕಾ ಅನ್ನಿಸಿತು. ಇದು ಕಥೆಯ ದೋಷವಾ ಅಥವಾ ಬೇಕಂತಲೇ ಹೀಗೆ ಬರೆದಿದ್ದಾ? ಮತ್ತೆ ದಂಗೆಯ ಭಾಗದಲ್ಲಿ ನಿಜ ಎಷ್ಟು?

ಹಳೇಪುಸ್ತಕ:
ನಿಜ ಎಷ್ಟು ಅನ್ನೋದಕ್ಕೆ ಮೊದಲು ಉತ್ತರಿಸುತ್ತೇನೆ, ಯಾಕಂದ್ರೆ ಇನ್ನೊಂದು ಪ್ರಶ್ನೆಗೂ ಉತ್ತರ ಅದರಲ್ಲೇ ಇದೆ.

ಅಪ್ಪ ಯುವಾನ್ ಚೊಂಗ್‌ಹುವಾನ್ ಇತಿಹಾಸದಲ್ಲಿ ನಿಜವಾಗಿ ಇದ್ದವನು. 1626ರಲ್ಲಿ ನಿಂಗ್‌ಯುವಾನ್ ಕೋಟೆಯ ಮೇಲೆ ಯುರೋಪಿನ ಮಾದರಿಯ ಫಿರಂಗಿ ಇಟ್ಟುಕೊಂಡು ಮಂಚೂ ದೊರೆ ನುರ್ಹಾಚಿಯನ್ನೇ ಹಿಮ್ಮೆಟ್ಟಿಸಿದ. 1629ರಲ್ಲಿ ನುರ್ಹಾಚಿಯ ಮಗ ಹೊಂಗ್ ತೈಜಿ ಬೇರೆ ದಾರಿಯಿಂದ ಸುತ್ತಿ ಬಂದು ಬೀಜಿಂಗ್ ಬಾಗಿಲಿಗೇ ನಿಂತಾಗ, ಚೊಂಗ್‌ಜೆನ್‌ಗೆ ತನ್ನ ಸೇನಾಪತಿಯ ಮೇಲೇ ಅನುಮಾನ ಬಂತು. 1630ರಲ್ಲಿ ಅವನನ್ನು ಬೀಜಿಂಗ್‌ನಲ್ಲಿ ಎಲ್ಲರೆದುರು ತುಂಡು ತುಂಡಾಗಿ ಕತ್ತರಿಸಿ ಕೊಂದರು. ಮಗ ಚೆಂಗ್‌ಜಿ ಮಾತ್ರ ಕಲ್ಪನೆ.

ಲೀ ಜಿಚೆಂಗ್ ಶಾನ್‌ಶಿ ಪ್ರಾಂತ್ಯದವನು, ಸರ್ಕಾರಿ ಅಂಚೆಯ ಕುದುರೆ ಠಾಣೆಯಲ್ಲಿ ಕೆಲಸಕ್ಕಿದ್ದ. ಬೊಕ್ಕಸ ಬರಿದಾಗಿ ಸರ್ಕಾರ ಠಾಣೆಗಳನ್ನು ಮುಚ್ಚಿದಾಗ ಕೆಲಸ ಹೋಯ್ತು. ಬರ ಬೇರೆ, ಮೇಲೆ ಯುದ್ಧದ ತೆರಿಗೆ. ಅವನು ಬಂದರೆ ಕಂದಾಯ ಇಲ್ಲ ಅನ್ನೋ ಹಾಡು ಊರೂರಿಗೆ ಹಬ್ಬಿತ್ತು. 1644ರ ಏಪ್ರಿಲ್ 25ರಂದು ಅವನ ಸೈನ್ಯ ಬೀಜಿಂಗ್ ಹೊಕ್ಕಿತು, ಚೊಂಗ್‌ಜೆನ್ ಅರಮನೆಯ ಹಿಂದಿನ ಗುಡ್ಡದಲ್ಲಿ ನೇಣು ಹಾಕಿಕೊಂಡ.

ಆಮೇಲಿನದ್ದನ್ನು ಜಿನ್ ಯೋಂಗ್ ಮೆದುಗೊಳಿಸಿಲ್ಲ, ನನಗೆ ಅದೇ ಇಷ್ಟ. ದಂಗೆಯ ದಂಡನಾಯಕ ಲಿಯು ಜೊಂಗ್‌ಮಿನ್ ಅಧಿಕಾರಿಗಳನ್ನು ಹಿಡಿದು ಮರದ ಇಕ್ಕಳದಲ್ಲಿ ಕಾಲು ಹಿಸುಕಿ ಬೆಳ್ಳಿ ಕಕ್ಕಿಸಿದ. ಸೈನಿಕರು ಮನೆಗಳಿಗೆ ನುಗ್ಗಿದರು. ಅತ್ತ ಮಹಾಗೋಡೆಯ ಶಾನ್‌ಹೈ ದ್ವಾರ ಕಾಯುತ್ತಿದ್ದ ವೂ ಸಾಂಗುಯಿ ಮಂಚೂಗಳ ಜೊತೆ ಸೇರಿಕೊಂಡ. ಲೀ ಸೋತು ಓಡಿಬಂದು, ಜೂನ್ 3ಕ್ಕೆ ಚಕ್ರವರ್ತಿಯ ಪಟ್ಟ ಕಟ್ಟಿಕೊಂಡು, ಮಾರನೇ ದಿನವೇ ಅರಮನೆಗೆ ಬೆಂಕಿ ಇಟ್ಟು ಬೀಜಿಂಗ್ ಬಿಟ್ಟ. ಗೆದ್ದು ಎರಡು ತಿಂಗಳೂ ಆಗಿರಲಿಲ್ಲ! ಇಂಥ ಕಥೆಯಲ್ಲಿ ಒಬ್ಬ ಹುಡುಗ, ಅವನಿಗೆ ಎಷ್ಟೇ ವಿದ್ಯೆ ಇರಲಿ, ಕತ್ತಿ ಹಿಡಿದು ಏನು ಸರಿ ಮಾಡಬೇಕಿತ್ತು ಹೇಳಿ?

ಕತ್ತಿವರಸೆ:
ಮೇಲಿನವರು ಹೇಳಿದ್ದು ಸರಿ, ಆದರೆ ಬರೀ ಇತಿಹಾಸ ಅಡ್ಡ ಬಂತು ಅನ್ನೋದನ್ನು ನಾನು ಒಪ್ಪಲ್ಲ. ಬೇಕಂತಲೇ ಬರೆದಿದ್ದು. ಹೊಂಗ್ ತೈಜಿಯನ್ನು ಕೊಲ್ಲಲು ಹೋಗುವ ಭಾಗ ಇನ್ನೊಮ್ಮೆ ಓದಿ. ಅಷ್ಟು ದೂರ ಮಂಚೂಗಳ ರಾಜಧಾನಿ ಶೆಂಗ್‌ಜಿಂಗ್‌ವರೆಗೆ ಹೋಗಿ, ಅರಮನೆಯಲ್ಲಿ ಬಚ್ಚಿಟ್ಟುಕೊಂಡು, ಕೆಳಗೆ ದೊರೆ ಮಂತ್ರಿಗಳ ಜೊತೆ ಆಡುವ ಮಾತು ಕೇಳಿಸಿಕೊಳ್ಳುತ್ತಾನೆ. ಅಪ್ಪನ ಸಾವಿಗೆ ಕಾರಣನಾದ ಶತ್ರು, ಜನಕ್ಕೆ ಹೊಟ್ಟೆ ತುಂಬ ಊಟ ಸಿಗಬೇಕು ಅಂತಿದ್ದಾನೆ! ಇವನು ಚೊಂಗ್‌ಜೆನ್‌ಗಿಂತ ಎಷ್ಟೋ ವಾಸಿ ಅಲ್ವಾ ಅಂತ ಹುಡುಗನ ಮನಸ್ಸಿಗೇ ಬಂದುಬಿಡುತ್ತದೆ. ಹಗೆ ತೀರಿಸಲು ಬಂದವನ ತಲೆಯಲ್ಲಿ ಅಂಥ ಯೋಚನೆ ಹುಟ್ಟಿದ ಮೇಲೆ, ಅವನ ಕೈಯಿಂದಲೇ ದೊರೆ ಸತ್ತಿದ್ದರೆ ಅದು ಸುಮ್ನೆ ಒಂದು ಹೊಡೆದಾಟ ಆಗಿಬಿಡುತ್ತಿತ್ತು.

ಇನ್ನೊಂದು, ಬೀಜಿಂಗ್ ಬಿದ್ದ ಮೇಲೆ ಸೈನಿಕರ ಲೂಟಿಯ ನಡುವೆ ಬರುವ ಕುರುಡ ಮುದುಕ. ಪಿಟೀಲಿನಂಥ ವಾದ್ಯ ನುಡಿಸುತ್ತಾ ಹಾಡುತ್ತಾನೆ. ರಾಜ್ಯ ಕಟ್ಟಿಕೊಟ್ಟ ಸೇನಾಪತಿಗಳನ್ನೆಲ್ಲ ರಾಜರು ಕೆಲಸ ಆದಮೇಲೆ ಹೇಗೆ ಕೊಂದರು ಅನ್ನೋ ಹಾಡು. ಚೆಂಗ್‌ಜಿ, ಲೀ ಯಾನ್ ಇಬ್ಬರೂ ಕೇಳುತ್ತಾ ನಿಲ್ಲುತ್ತಾರೆ. ಸ್ವಲ್ಪ ದಿನಕ್ಕೆ ದಂಗೆಯ ಪ್ರಾಮಾಣಿಕ ಸಲಹೆಗಾರನಾದ ಅದೇ ಲೀ ಯಾನ್ ಮೇಲೆ ಲೀ ಜಿಚೆಂಗ್ ಅನುಮಾನಪಟ್ಟು ಅವನ ಸಾವಿಗೆ ಕಾರಣನಾಗುತ್ತಾನೆ. ಅಪ್ಪನಿಗೆ ಆದದ್ದೇ ಅಣ್ಣನಂಥ ಗೆಳೆಯನಿಗೂ ಆಯ್ತು, ಈ ಸಲ ಮಾಡಿದ್ದು ತಾನೇ ನಂಬಿದ ನಾಯಕ. ಹುಡುಗನ ಎದೆ ಒಡೆದಿದ್ದು ಅಲ್ಲಿ. ಇನ್ನು ಯಾರ ಪರ ಅಂತ ಹೋರಾಡೋದು? ಹೊರಟುಹೋಗಿದ್ದೇ ಸರಿ.

(ಲೀ ಯಾನ್ ನಿಜವಾಗಿ ಇದ್ದನಾ ಅನ್ನೋ ಬಗ್ಗೆ ಇತಿಹಾಸಕಾರರಲ್ಲಿ ವಾದ ಇದೆ, ಅವನ ಭಾಗ ಓದುವಾಗ ನೆನಪಿರಲಿ.)

ತುಂಗಾತೀರ:
ನಾನು ಪ್ರಶ್ನೆ ಕೇಳಿದವರ ಪರ ಸ್ವಲ್ಪ ಮಾತಾಡ್ತೀನಿ. ಕೊನೆ ಸರಿ ಇದೆ ಮಾರಾಯ್ರೇ, ನಾಯಕ ಸಪ್ಪೆ. ಒಳ್ಳೆಯವನು, ಎಲ್ಲರ ಮಾತೂ ಕೇಳುತ್ತಾನೆ, ಅಷ್ಟೇ. ಜಿನ್ ಯೋಂಗ್ ಅವರೇ ಹಿನ್ನುಡಿಯಲ್ಲಿ ಹೇಳಿದ್ದಾರೆ, ಈ ಕಾದಂಬರಿಯ ನಿಜವಾದ ನಾಯಕ ಯುವಾನ್ ಚೊಂಗ್‌ಹುವಾನ್, ಎರಡನೆಯವನು ಬಂಗಾರದ ಹಾವಿನ ಕತ್ತಿಯ ಶಿಯಾ ಶುಯೆಯಿ ಅಂತ. ಕಥೆ ಶುರುವಾಗುವ ಹೊತ್ತಿಗೆ ಇಬ್ಬರೂ ಬದುಕಿಲ್ಲ!

ಶಿಯಾ ಶುಯೆಯಿಯನ್ನು ನಾವು ನೋಡೋದೇ ಗುಹೆಯೊಳಗಿನ ಅಸ್ಥಿಪಂಜರವಾಗಿ. ಅಲ್ಲೇ ಒಂದು ಕಬ್ಬಿಣದ ಪೆಟ್ಟಿಗೆ. ಒಳಗೆ ಎರಡು ಲಕೋಟೆ, ಒಂದರಲ್ಲಿ ಪೆಟ್ಟಿಗೆಯ ಗುಟ್ಟು, ಇನ್ನೊಂದರಲ್ಲಿ ತನ್ನ ಮೂಳೆ ಹೇಗೆ ಹೂಳಬೇಕು ಅನ್ನೋದು. ಚೆಂಗ್‌ಜಿ ಮೂಳೆಯ ಲಕೋಟೆಯನ್ನೇ ಮೊದಲು ಒಡೆಯುತ್ತಾನೆ. ಹೇಳಿದಷ್ಟು ಆಳಕ್ಕೆ ಅಗೆದಾಗ ಅಲ್ಲಿ ಇನ್ನೊಂದು ಚಿಕ್ಕ ಪೆಟ್ಟಿಗೆ ಸಿಗುತ್ತದೆ, ಅಸಲಿ ವಿದ್ಯೆ ಇರೋದು ಅದರಲ್ಲಿ. ದೊಡ್ಡದರಲ್ಲಿ ಇದ್ದದ್ದು ವಿಷದ ಬಾಣ. ಸತ್ತವನ ಕುತಂತ್ರ, ಕೋಪ, ಯಾರಾದರೂ ಒಬ್ಬ ಒಳ್ಳೆಯವನು ಬರಲಿ ಅನ್ನೋ ಆಸೆ, ಎಲ್ಲ ಆ ಒಂದು ಕಡೆ ಸಿಕ್ಕಿಬಿಡುತ್ತದೆ. ಈ ಕಾದಂಬರಿ 1956ರಲ್ಲಿ ಹಾಂಗ್‌ಕಾಂಗ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿದ್ದು, ಅವರ ಎರಡನೇ ಕಾದಂಬರಿ ಅಷ್ಟೇ. ಆಗಲೇ ಇಂಥದ್ದು ಬರೆದಿದ್ದಾರೆ.

ಮಲೆನಾಡ ಓದುಗ:
ಎಲ್ಲರಿಗೂ ಧನ್ಯವಾದ. ಕುರುಡ ಮುದುಕನ ಹಾಡಿಗೂ ಲೀ ಯಾನ್ ಸಾವಿಗೂ ಇರುವ ನಂಟು ನನಗೆ ಹೊಳೆದಿರಲಿಲ್ಲ, ಆ ಅಧ್ಯಾಯ ಈಗಲೇ ತೆಗೆಯುತ್ತೇನೆ. ಇದಾದ ಮೇಲೆ ಯಾವುದು ಓದಲಿ?

ಹಳೇಪುಸ್ತಕ:
ಜಿನ್ ಯೋಂಗ್ ಅವರದ್ದೇ 'ದಿ ಡೀರ್ ಅಂಡ್ ದಿ ಕಾಲ್ಡ್ರನ್' ಓದಿ. ಜಾನ್ ಮಿನ್‌ಫರ್ಡ್ ಅನುವಾದ ಮೂರು ಸಂಪುಟದಲ್ಲಿದೆ, ಸಂಕ್ಷಿಪ್ತ ಮಾಡಿದ್ದಾರೆ, ಆದರೂ ಓದಿಸಿಕೊಂಡು ಹೋಗುತ್ತದೆ. ಇಲ್ಲಿ ಅಪ್ಪ ಚೊಂಗ್‌ಜೆನ್‌ನ ಕತ್ತಿಯೇಟಿಗೆ ಕೈ ಕಳೆದುಕೊಂಡ ರಾಜಕುಮಾರಿ ಅಲ್ಲಿ ಸನ್ಯಾಸಿನಿಯಾಗಿ ಬರುತ್ತಾಳೆ. ದ್ವಾರ ತೆರೆದ ವೂ ಸಾಂಗುಯಿ ಮುಂದೆ ಅದೇ ಮಂಚೂಗಳ ವಿರುದ್ಧ 1673ರಲ್ಲಿ ದಂಗೆ ಎದ್ದನಲ್ಲ, ಆ ಕಾಲದ ಕಥೆ.