ಸಹಾಯ ಬೇಕು: ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವುದನ್ನು ಮಕ್ಕಳಿಗೆ ರೂಢಿ ಮಾಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಗಂಗಾವತಿಯ ನಮ್ಮ ಓಣಿಯಲ್ಲಿ ಅಕ್ಕಿ ಗಿರಣಿಯ ಕೆಲಸಗಾರರ ಮಕ್ಕಳಿಗೆ ಸಂಜೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಎಂಟು, ಒಂಬತ್ತನೇ ತರಗತಿಯವರು, ಕನ್ನಡ ಮಾಧ್ಯಮ. ಪದಗಳು ಸಾಕಷ್ಟು ಗೊತ್ತು, ವಾಕ್ಯ ಕಟ್ಟುವಾಗ ತಡವರಿಸುತ್ತಾರೆ.

ನಮ್ಮಲ್ಲಿ ಕ್ರಿಯಾಪದ ಕೊನೆಗೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ. ಚೀಟಿಗಳಲ್ಲಿ ಪದ ಬರೆದು ನೆಲದ ಮೇಲೆ ಜೋಡಿಸಲು ಹೇಳಿದೆ, ಬೇಗ ಹಿಡಿದರು. ತೊಡಕಿರುವುದು ಪ್ರಶ್ನೆಗಳಲ್ಲಿ. 'ಶಿ ಗೋಸ್' ಪ್ರಶ್ನೆಯಾದಾಗ 'ಡಸ್ ಶಿ ಗೋ' ಆಗಬೇಕು. ಇವರು 'ಡಸ್ ಶಿ ಗೋಸ್' ಎನ್ನುತ್ತಾರೆ. ಭೂತಕಾಲಕ್ಕೆ ಬಂದರೆ 'ಡಿಡ್ ಶಿ ವೆಂಟ್'. ಕಾಲದ ಗುರುತನ್ನು ಸಹಾಯಕ ಕ್ರಿಯಾಪದ ಹೊತ್ತ ಮೇಲೆ ಮುಖ್ಯ ಕ್ರಿಯಾಪದ ಮೂಲರೂಪದಲ್ಲೇ ಉಳಿಯುತ್ತದೆ ಎಂದು ವಿವರಿಸಿದರೆ ತಲೆಯಾಡಿಸುತ್ತಾರೆ, ಮರುದಿನ ಮತ್ತೆ ಅದೇ ತಪ್ಪು. 'ಹೋಗುತ್ತಾಳೆ' ಎನ್ನುವುದನ್ನು 'ಹೋಗುತ್ತಾಳೆಯೇ' ಎಂದರೆ ಸಾಕು ಎನ್ನುವ ಭಾಷೆಯಿಂದ ಬಂದ ಮಕ್ಕಳಿಗೆ ಈ ಗೊಂದಲ ಸಹಜ. ಇದನ್ನು ದಡ್ಡತನ ಎಂದರೆ ನಾನು ಖಂಡಿತ ಒಪ್ಪುವುದಿಲ್ಲ.

ನಿಯಮ ಬಾಯಿಪಾಠ ಮಾಡಿಸದೆ, ಮಾತಿನಲ್ಲೇ ಇದನ್ನು ರೂಢಿಗೆ ತರುವ ಆಟವೋ ಅಭ್ಯಾಸವೋ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಕನ್ನಡ ವಿವರಣೆ ಇರುವ ಅಭ್ಯಾಸ ಹಾಳೆಗಳಿದ್ದರೆ ಇನ್ನೂ ಒಳ್ಳೆಯದು. ಹಲವು ಮನೆಗಳಲ್ಲಿ ಮೊಬೈಲ್ ಅಪ್ಪನ ಜೇಬಿನಲ್ಲೇ ಇರುತ್ತದೆ, ಹಾಗಾಗಿ ವಿಡಿಯೊ ಉಪಯೋಗಕ್ಕೆ ಬಾರದು. ಕರ್ಮಣಿ ಪ್ರಯೋಗ ಸದ್ಯಕ್ಕೆ ಬೇಡ. ಕೊಪ್ಪಳ, ಕಾರಟಗಿ, ಸಿಂಧನೂರು ಕಡೆಯ ಶಿಕ್ಷಕರು ಯಾರಾದರೂ ಒಂದು ಭಾನುವಾರ ಬಂದು ಪಾಠ ಮಾಡಿ ತೋರಿಸುವುದಾದರೆ ಬಸ್ ಖರ್ಚು, ಊಟ ನಮ್ಮದು.